ಕಾಯಿಸಿದ ಕಾರು

(ಇಂಗ್ಲೆಂಡಿನ ರೆಡಿಂಗ್. ಮನೆ ಮುಂದೆ 1972ರ ಕೆಂಪು ಎಂಜಿಬಿ ಕಾರು. ಪಕ್ಕದಲ್ಲಿ ಮದುವಣಿಗನ ಕಳೆಯ ರಾಯರು.)

ಪದ್ದಮ್ಮ: ಏನ್ರೀ, ಕೊಳ್ಳೋ ಮುಂಚೆ ನೋಡಿದ್ರಾ?

ರಾಯರು: ನೋಡ್ದೆ ಕಣೇ! ಎಂಥ ಬಣ್ಣ!

ಪದ್ದಮ್ಮ: ಬಾಗಿಲ ಕೆಳಗಿನ ಪಟ್ಟಿಗೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದೆ, ಬಿದ್ದೇಹೋಯ್ತು.

ರಾಯರು: ಒಂಚೂರು ಪುಟ್ಟಿ ಮೆತ್ತಿದ್ದಾರಂತೆ.

ಪದ್ದಮ್ಮ: ಭಾರ ಹೊರೋದು ಅದೇ ಪಟ್ಟಿ ಅಲ್ವಾ?

ರಾಯರು: ಹೂಂ, ಇದಕ್ಕೆ ಬೇರೆ ಚಾಸಿ ಇಲ್ಲ.

ಪದ್ದಮ್ಮ: ಅದಕ್ಕೇ ಜ್ಯಾಕ್ ಕೊಟ್ಟಾಗ ಬಾಗಿಲು ತೆಗೆಯೋಕೇ ಆಗ್ಲಿಲ್ಲ.

ರಾಯರು: ಭದ್ರತೆ ಕಣೇ! ಕಳ್ಳರಿಗೂ ಆಗಲ್ಲ.

ಪದ್ದಮ್ಮ: ಕೆಳಗೆ ಎಣ್ಣೆ ಸೋರ್ತಿದೆ.

ರಾಯರು: ಸೋರಿದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥವಂತೆ. ಮಾರಿದವರೇ ಹೇಳಿದ್ರು.

ಪದ್ದಮ್ಮ: ಗಾಡಿ ರಸ್ತೆಗಿಳಿಯೋಕೆ ಲಾಯಕ್ಕಾ ಅಂತ ನೋಡೋ ಎಂಒಟಿ ಪರೀಕ್ಷೆ?

ರಾಯರು: 40 ವರ್ಷ ದಾಟಿದ್ದಕ್ಕೆ ಇಲ್ಲಿ ಬೇಕಿಲ್ಲ! ರಸ್ತೆ ತೆರಿಗೆಯೂ ಇಲ್ಲ.

ಪದ್ದಮ್ಮ: ನನ್ನ ಹತ್ತು ವರ್ಷದ ಕಾರಿಗೆ ಪ್ರತಿವರ್ಷ ಪರೀಕ್ಷೆ. ವಯಸ್ಸಾದಷ್ಟೂ ಆರೋಗ್ಯ ಜಾಸ್ತಿ ಅನ್ನಿ.

ರಾಯರು: ರಿಪೇರಿ ಬಿಲ್ಲಿನ ಫೈಲು ನೋಡು, ಎಷ್ಟು ದಪ್ಪ!

ಪದ್ದಮ್ಮ: ಗಾಡೀಲಿ ಗಟ್ಟಿಯಾಗಿರೋದು ಅದೊಂದೇ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರಾ?

ರಾಯರು: ನಾನು ಹೋದಾಗಲೇ ಎಂಜಿನ್ ಬಿಸಿಯಾಗಿತ್ತು.

ಪದ್ದಮ್ಮ: ಪಾಪ, ಅವರು ಎಂಜಿನ್ ಕಾಯಿಸಿದ್ರು, ಇನ್ಮೇಲೆ ಎಂಜಿನ್ ನಿಮ್ಮನ್ನ ಕಾಯಿಸುತ್ತೆ. ಮತ್ತೆ ಮನೆಗೆ ಹೇಗೆ ಬಂತು?

ರಾಯರು: ಲಾರಿ ಮೇಲೆ.