ಫಾರಂ 700

ಮಧುಗಿರಿಯ ಚಹಾ ಅಂಗಡಿ. ಬೆಂಚಿನಡಿ ಗೋಣಿಚೀಲದಲ್ಲಿ ಸುಟ್ಟ ಬೋರ್ ಮೋಟ್ರು. ವಾಸನೆ ಚಹಾಕ್ಕೂ ಹತ್ತಿದೆ.

“ಮಾವ, ಏರ್‌ಫೋರ್ಸಲ್ಲಿ ವಿಮಾನ ಪೂರ್ತಿ ನೀವೇ ರಿಪೇರಿ ಮಾಡ್ತಿದ್ರಾ?”

“ನಾನು ಎಂಜಿನ್ ಫಿಟ್ಟರ್ ಕಣೋ. ರೆಕ್ಕೆ ಏರ್‌ಫ್ರೇಮ್‌ನೋರ್ದು, ವೈರು ಎಲೆಕ್ಟ್ರಿಕಲ್‌ನೋರ್ದು. ಸ್ಕ್ವಾಡ್ರನ್‌ನಲ್ಲಿ ಆಗದ್ದು ಬೇಸ್ ರಿಪೇರ್ ಡಿಪೋಗೆ, ಇಲ್ಲಾ ಎಚ್‌ಎಎಲ್‌ಗೆ.”

“ನಮ್ಮ ಬೋರಿನಂಗೇ! ಕಂಬ ಲೈನ್‌ಮ್ಯಾನ್‌ದು, ವಾಲ್ವು ನೀರುಗಂಟಿದು, ಮೋಟ್ರು ವೈಂಡಿಂಗ್ ಅಂಗಡಿದು.”

“ಅಲ್ಲಿ ಕೈ ಹಾಕಿದೋನು ವಿಮಾನದ ರಿಪೇರಿ ದಾಖಲೆ, ಫಾರಂ 700ರಲ್ಲಿ ಸಹಿ ಹಾಕ್ಬೇಕು. ಪೈಲಟ್ಟೂ ಸಹಿ ಹಾಕೇ ಹತ್ತೋದು.”

“ಇಲ್ಲೂ ಸಹಿ ಐತೆ ಮಾವ, ಬಿಲ್ ಮೇಲೆ.”

ಮಾವ ಚಹಾ ಊದಿದರು. ಊದುವಂಥ ಬಿಸಿಯೇನೂ ಇರಲಿಲ್ಲ.

“2023ರಲ್ಲಿ ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಶುರುವಾಯ್ತಲ್ಲ, ಅವರನ್ನೇ ಕೇಳಿದ್ರೆ?”

“ನಿನ್ ಮೋಟ್ರು ಹಾರುತ್ತೇನೋ?”

“ವಾರಕ್ಕೊಂದು ಸಲ ಫ್ಯೂಸ್ ಹಾರುತ್ತೆ ಮಾವ.”