ಕಾಫಿಗೆ ಮುಂಚಿನ ಮಾತು ಊರ್ಜಿತವಲ್ಲ

ಎದ್ದ ಕೂಡಲೇ ಲವಲವಿಕೆಯಿಂದ ಓಡಾಡುವ ಮಂದಿ ಇದ್ದಾರೆ. ಅವರ ಮೇಲೆ ನನಗೆ ದ್ವೇಷವೇನಿಲ್ಲ. ಏಳೂವರೆಯ ತನಕ ಎದುರಿಗೆ ಬರದಿದ್ದರೆ ಸಾಕು. ನನಗೆ ಕಣ್ಣು ಬಿಟ್ಟೊಡನೆ ತಲೆಯ ಮೇಲಿನ ಫ್ಯಾನಿಗಿಂತ ಮೊದಲು ಬೇಸರ ಕಾಣುತ್ತದೆ. ಇಂಥದ್ದಕ್ಕೇ ಎಂದು ಹೇಳಲಾಗದ ಬೇಸರ. ರಾತ್ರಿ ಮಲಗುವಾಗ ಇರಲಿಲ್ಲ, ಕೆಟ್ಟ ಕನಸೂ ಬಿದ್ದಿಲ್ಲ, ಯಾರೊಂದಿಗೂ ಜಗಳವಾಗಿಲ್ಲ. ಆದರೂ ಹಾಸಿಗೆಯ ಅಂಚಿನಲ್ಲಿ ಕೂತು ಕಾಯುತ್ತಿರುತ್ತದೆ.

ಅಮ್ಮನ ಪ್ರಕಾರ ನಾನು ಎಡಮಗ್ಗುಲಲ್ಲಿ ಏಳುತ್ತೇನೆ. ನಿಜವೇ. ಬಲಕ್ಕೆ ಗೋಡೆಯಿದೆ, ಅತ್ತ ಏಳಬೇಕಾದರೆ ಪಕ್ಕದ ಮನೆಯವರ ಪಡಸಾಲೆಯಲ್ಲಿ ಇಳಿಯಬೇಕಾಗುತ್ತದೆ. ‘ಇವತ್ತು ಯಾರ ಮುಖ ನೋಡಿ ಎದ್ದೆನೋ’ ಎಂದು ಗೊಣಗಿ ಹಗುರಾಗೋಣವೆಂದರೆ, ಆ ಸೌಲಭ್ಯ ಮದುವೆಯಾದವನಿಗಿಲ್ಲ. ಯಾರ ಮುಖ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಮುಖ್ಯವಾಗಿ ಆ ಮುಖಕ್ಕೆ ಗೊತ್ತು.

ವಿಜ್ಞಾನಿಗಳು ಯಾರ ಮುಖದ ಮೇಲೂ ತಪ್ಪು ಹೊರಿಸುವುದಿಲ್ಲ. ಎದ್ದ ಮೇಲಿನ ಅರ್ಧ-ಮುಕ್ಕಾಲು ಗಂಟೆಯಲ್ಲಿ ಮೈಯೊಳಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದಂತೆ. ದಿನದ ದುಡಿಮೆಗೆ ದೇಹವನ್ನು ಅಣಿಮಾಡುವುದು ಅದರ ಕೆಲಸ. ಮಿದುಳು ಮಾತ್ರ ಅಷ್ಟು ಚುರುಕಲ್ಲ. ನಿದ್ದೆಯ ಮಂಪರು ಇಳಿಯಲು ಅದಕ್ಕೆ 15ರಿಂದ 30 ನಿಮಿಷ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಕಚೇರಿಯ ಬೀಗ ತೆಗೆದಾಗಿದೆ, ಜವಾನ ಕಸ ಗುಡಿಸಿದ್ದಾನೆ, ಸಾಹೇಬರು ಮಾತ್ರ ಬಂದಿಲ್ಲ. ಆ ಸಂದಿನಲ್ಲಿ ಯಾವನೋ ಗುಮಾಸ್ತ ಸಾಹೇಬರ ಕುರ್ಚಿಯಲ್ಲಿ ಕೂತು ಕಡತಗಳಿಗೆಲ್ಲ ರುಜು ಹಾಕತೊಡಗುತ್ತಾನೆ. ನೌಕರಿಗೆ ರಾಜೀನಾಮೆ: ಮಂಜೂರು. ಸೈಟು ಮಾರಾಟ: ಮಂಜೂರು. ಭಾವಮೈದುನನ ಗೃಹಪ್ರವೇಶಕ್ಕೆ ಹೋಗುವುದು: ತಿರಸ್ಕೃತ.

ಬೇಸರಕ್ಕಿಂತ ಅಪಾಯಕಾರಿಯಾದದ್ದು ಅದಕ್ಕೆ ಕಾರಣ ಹುಡುಕುವ ಚಟ. ಹುಡುಕಲು ಹೊರಟರೆ ಕಾರಣಕ್ಕೇನು ಬರ? ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ಪೇಪರಿನವನು ಪುರವಣಿ ಹಾಕಿಲ್ಲ, ಮಗಳು ಟವೆಲ್ಲನ್ನು ಮತ್ತೆ ಕುರ್ಚಿಯ ಮೇಲೆ ಬಿಸಾಡಿದ್ದಾಳೆ. ಕೈಗೆ ಸಿಕ್ಕವರ ಕೊರಳಿಗೆ ಬೇಸರವನ್ನು ಕಟ್ಟಿಬಿಟ್ಟರೆ ಅದು ಜಗಳವಾಗಿ ಮಧ್ಯಾಹ್ನದ ತನಕ ಬಾಳುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಾನೂನು ಬಂದಿದೆ: ಕಾಫಿಗೆ ಮುಂಚೆ ಆಡಿದ ಯಾವ ಮಾತೂ ಊರ್ಜಿತವಲ್ಲ. ಕರಡು ಸಿದ್ಧಪಡಿಸಿದ್ದು ನಾನು, ತಿದ್ದುಪಡಿಗಳೆಲ್ಲ ಹೆಂಡತಿಯವು.

ಕಾಫಿ ಮಾಡುವ ಹೊಣೆಯೂ ನನ್ನ ಮೇಲೇ ಬಿದ್ದದ್ದು ಮೊದಲನೆಯ ತಿದ್ದುಪಡಿ. ಇದರಲ್ಲಿ ಉಪಾಯವಿದೆ. ಫಿಲ್ಟರಿಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆತ್ತಗೆ ಅದುಮಿ, ಕುದಿನೀರನ್ನು ಸುತ್ತ ಸುರಿಯಬೇಕು. ಜಾಸ್ತಿ ಅದುಮಿದರೆ ಡಿಕಾಕ್ಷನ್ ಇಳಿಯುವುದಿಲ್ಲ. ಆಗ ಚಮಚದಿಂದ ಪಕ್ಕಕ್ಕೆ ತಟ್ಟಿ, ಕಿವಿಗೊಟ್ಟು ತೊಟ್ಟಿನ ಸದ್ದು ಕೇಳಬೇಕು. ಒಂದು ಕಿವಿ ಫಿಲ್ಟರಿನ ಮೇಲೆ, ಒಂದು ಕಣ್ಣು ಹಾಲಿನ ಮೇಲೆ. ಇಷ್ಟು ಜವಾಬ್ದಾರಿ ಹೊತ್ತವನಿಗೆ ಬದುಕಿನ ನಿರರ್ಥಕತೆಯನ್ನು ಕುರಿತು ಯೋಚಿಸಲು ಪುರುಸೊತ್ತೆಲ್ಲಿ? ನಿದ್ದೆಯ ಒತ್ತಡ ತರುವ ಅಡೆನೊಸಿನ್‌ಗೆ ಕೆಫೀನ್ ಅಡ್ಡ ನಿಲ್ಲುತ್ತದೆ, ಆದರೆ ಕುಡಿದ ಕೂಡಲೇ ಅಲ್ಲ, ಸ್ವಲ್ಪ ಹೊತ್ತು ಬೇಕು ಎನ್ನುತ್ತಾರೆ ತಿಳಿದವರು. ನನಗೆ ಘಮಕ್ಕೇ ಅರ್ಧ ಬೇಸರ ಇಳಿದಿರುತ್ತದೆ.

ಉಳಿದರ್ಧಕ್ಕೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ. ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಇನ್ನೂರು ಮುನ್ನೂರು ಲಕ್ಸ್ ಇದ್ದೀತು. ಮೋಡದ ದಿನವೂ ಬಯಲಿನಲ್ಲಿ ಸಾವಿರಗಟ್ಟಲೆ ಲಕ್ಸ್. ಬೆಳಗಿನ ಆ ಬೆಳಕು ಕಣ್ಣಿಗೆ ಬಿದ್ದರೆ ಮಿದುಳಿನೊಳಗಿನ ಗಡಿಯಾರ ಸರಿಹೊಂದುತ್ತದೆ. ಕುವೆಂಪು ನಡೆದಾಡಿ ಕವಿತೆ ಬರೆದ ಕೆರೆಯದು. ನನಗೆ ಅಲ್ಲಿ ಕವಿತೆ ಹೊಳೆದದ್ದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಬೇಕಾದಷ್ಟು ಜ್ಞಾನ ಸಿಕ್ಕಿದೆ. ಎದುರು ಬಂದ ಹಿರಿಯರೊಬ್ಬರು, “ಏನ್ ಸಾರ್, ಸಪ್ಪಗಿದ್ದೀರಿ?” ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಂಡಿನೋವು, ಅಮೆರಿಕದ ಸೊಸೆ, ಪಿಂಚಣಿ ಬಾಕಿ ಎಲ್ಲ ಮುಗಿಸಿ, “ನಿಮ್ಮ ಜೊತೆ ಮಾತಾಡಿದ್ರೆ ಹಗುರಾಗತ್ತೆ ನೋಡಿ” ಎಂದು ಹೊರಟುಬಿಡುತ್ತಾರೆ.

ಅವರೇ ಒಮ್ಮೆ ನನ್ನನ್ನು ನಗೆಕೂಟಕ್ಕೆ ಎಳೆದೊಯ್ದರು. ಈ ಕೂಟಗಳನ್ನು ಶುರುಮಾಡಿದವರು ಮುಂಬೈಯ ವೈದ್ಯ ಮದನ್ ಕಟಾರಿಯಾ. 1995ರಲ್ಲಿ ಒಂದು ಪಾರ್ಕಿನಲ್ಲಿ ಐದು ಜನ ಸೇರಿದ್ದರಂತೆ. ಮೊದಮೊದಲು ಜೋಕು ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಮುಗಿದು ಕೆಟ್ಟವು ಉಳಿದಾಗ, ಜೋಕನ್ನೇ ಬಿಟ್ಟು ಬರಿದೇ ನಗಲು ತೀರ್ಮಾನಿಸಿದರು. ನಮ್ಮ ಪಾರ್ಕಿನಲ್ಲೂ ಅದೇ ಕ್ರಮ. ಮಂಕಿ ಕ್ಯಾಪು, ಮಫ್ಲರು ಸುತ್ತಿಕೊಂಡ ಹತ್ತಾರು ಗಂಭೀರ ಮುಖಗಳು ಸೀಟಿ ಊದಿದ ಕೂಡಲೇ ಆಕಾಶಕ್ಕೆ ಕೈಯೆತ್ತಿ ‘ಹೋ ಹೋ, ಹಾ ಹಾ ಹಾ’ ಎಂದವು. ಇನ್ನೊಂದು ಸೀಟಿಗೆ ಗಪ್‌ಚಿಪ್. ನನಗೆ ನಗು ಬಂದದ್ದು ಎರಡನೆಯ ಸೀಟಿಯ ನಂತರ, ಎಲ್ಲರೂ ಸುಮ್ಮನಾದಾಗ. ಅಶಿಸ್ತು ಎಂದರು. ಆದರೆ ಆ ಪದ್ಧತಿಯ ತರ್ಕ ನನಗೆ ಒಪ್ಪಿಗೆಯಾಯಿತು. ಕಾರಣವಿಲ್ಲದೆ ಬಂದ ಬೇಸರದ ಮುಂದೆ ಕಾರಣವಿಲ್ಲದ ನಗುವನ್ನು ನಿಲ್ಲಿಸಿದರೆ, ಇಬ್ಬರಿಗೂ ಸಾಕ್ಷಿ ಪುರಾವೆ ಇಲ್ಲದೆ ಖಟ್ಲೆ ವಜಾ ಆಗುತ್ತದೆ.

ಎಲ್ಲ ಬೇಸರವೂ ಇಷ್ಟು ಸುಲಭಕ್ಕೆ ಸೋಲುವುದಿಲ್ಲ. ಖಿನ್ನತೆ ಇರುವ ಕೆಲವರಿಗೆ ಬೆಳಗಿನ ಹೊತ್ತೇ ಹೆಚ್ಚು ಭಾರ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ ನಿದ್ದೆ ಬೇಡವಾದರೆ ಕಾಫಿ, ಕೆರೆ ಎಂದು ಕಾಲ ತಳ್ಳದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಕಾಫಿಗೆ ಮುಂಚಿನ ಮಾತಿಗೂ ಬೆಲೆಯುಂಟು.

ನಮ್ಮ ಮನೆಯ ಕಾನೂನಿನ ವಿಷಯಕ್ಕೆ ಬಂದರೆ, ಅದಕ್ಕೆ ಮೊನ್ನೆ ಹೊಸ ವ್ಯಾಖ್ಯಾನ ಸಿಕ್ಕಿದೆ. ಎರಡನೆಯ ಲೋಟ ಮುಗಿಸಿದ ಹುರುಪಿನಲ್ಲಿ, “ಈ ಭಾನುವಾರ ಅಟ್ಟ ಖಾಲಿ ಮಾಡಿಬಿಡ್ತೀನಿ ಕಣೇ” ಅಂದೆ. ಅವಳು ತಕ್ಷಣ ಕ್ಯಾಲೆಂಡರಿನಲ್ಲಿ ಬರೆದುಕೊಂಡಳು.

“ಏನೋ ಬಾಯಿಗೆ ಬಂತು, ಅಂದೆ,” ಎಂದು ರಾಗ ಎಳೆದೆ.

“ಲೋಟ ತೋರಿಸಿ,” ಎಂದಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ. “ಊರ್ಜಿತ ರೀ.”