ಶುಗರ್ ರಾಯರು

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನೀವು ‘ನಮಸ್ಕಾರ’ ಅಂದಾಗ ಎದುರಿನವರು ‘118’ ಅಂದರೆ, ಅವರೇ ನಮ್ಮ ರಾಯರು ಎಂದು ತಿಳಿಯಿರಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ದಿನಾ ಟ್ಯಾಲಿ ಮಾಡಲು ಅವರಿಗೆ ಉಳಿದಿರುವ ಲೆಕ್ಕ ಇದೊಂದೇ.

ಮಗ ಕೊಡಿಸಿದ ಗ್ಲುಕೋಮೀಟರ್ ದೇವರ ಗೂಡಿನ ಪಕ್ಕದಲ್ಲೇ ಇದೆ. ಬೆರಳ ತುದಿಯ ಅಂಚಿಗೆ ಸೂಜಿ ಟಕ್ಕೆಂದ ಕೂಡಲೇ ರಾಯರ ಕಣ್ಣು ಮುಚ್ಚುತ್ತದೆ. ರಕ್ತದ ಹನಿಯನ್ನು ಸ್ಟ್ರಿಪ್ ಹೀರಿಕೊಂಡ ಮೇಲಿನ ಐದು ಸೆಕೆಂಡು ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ‘ಲೇ ಇವಳೇ, ಮಿಕ್ಸಿ ನಿಲ್ಲಿಸೇ!’

ಸಂಖ್ಯೆ 130ರ ಒಳಗಿದ್ದರೆ ಅದು ಅವರ ಮೆಂತ್ಯದ ನೀರಿನ ಮಹಿಮೆ. ದಾಟಿದರೆ ಹೆಂಡತಿಯ ಉಪ್ಪಿಟ್ಟಿನ ತಪ್ಪು.

ಒಂದು ದಿನ 212 ಬಂತು. ರಾಯರು ಸೋಫಾದ ಮೇಲೆ ಕುಸಿದರು. ಒಳಗಿಂದ ಅಮ್ಮಾವ್ರು ಕೇಳಿದರು: ‘ರೀ, ನೈವೇದ್ಯಕ್ಕೆ ರಸಬಾಳೆ ಸುಲಿದ ಕೈ ತೊಳ್ಕೊಂಡ್ರಾ?’ ತೊಳೆದಿರಲಿಲ್ಲ. ಸೋಪು ಹಚ್ಚಿ ತೊಳೆದು, ಒರೆಸಿ ನೋಡಿದರೆ 131. ಆವತ್ತಿನಿಂದ ರಾಯರಿಗೆ ಬೇಡದ ಸಂಖ್ಯೆಯೆಲ್ಲ ಕೈಯ ದೋಷವೇ. ತೊಳೆಯುವುದು, ಇನ್ನೊಂದು ಬೆರಳಿಗೆ ಚುಚ್ಚುವುದು, ಕಮ್ಮಿ ಬಂದದ್ದನ್ನು ಮಾತ್ರ ಡೈರಿಗೆ ಏರಿಸುವುದು. ಪಾಪ, ಸ್ಟ್ರಿಪ್ ಡಬ್ಬಿ ತಿಂಗಳಿಗೆ ಮೊದಲೇ ಖಾಲಿ.

ಮನೆಯ ಮೀಟರು ಲ್ಯಾಬಿನ ಲೆಕ್ಕಕ್ಕಿಂತ ಶೇ. 15ರಷ್ಟು ಆಚೀಚೆ ತೋರಿಸಬಹುದೆಂದು ಯಾರೋ ಹೇಳಿದರು. ಮಾತು ನಿಜ. ರಾಯರಿಗೆ ಅದು ಆಷಾಢದ ರಿಯಾಯಿತಿ: ಪ್ರತಿ ಸಲ ಕಳೆಯುತ್ತಾರೆ, ಕೂಡಿಸಿದ್ದನ್ನು ಕಂಡವರಿಲ್ಲ. ಊಟವಾದ ಎರಡು ಗಂಟೆಗೂ ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ. ಮುದ್ದೆ, ಸೊಪ್ಪಿನ ಸಾರಿನ ದಿನ ತಪ್ಪದೆ ನೋಡುತ್ತಾರೆ. ಮದುವೆ ಮನೆಯಲ್ಲಿ ತುಪ್ಪ ಸುರಿಸಿಕೊಂಡು ಮೂರು ಹೋಳಿಗೆ ಇಳಿಸಿದ ದಿನ ಮಾತ್ರ ಮೀಟರಿಗೂ ರಜಾ.

ಡೈರಿಯ ಸರಾಸರಿ 118. ಡಾಕ್ಟರು ಅದನ್ನು ತಿರುವಿಯೂ ನೋಡದೆ ಎಚ್‌ಬಿಎ1ಸಿ ಬರೆದುಕೊಟ್ಟರು. ರಿಪೋರ್ಟಿನಲ್ಲಿ 8.9 ಅಂತ ಬಂತು, ಅಂದರೆ ಎರಡು-ಮೂರು ತಿಂಗಳ ಸರಾಸರಿ ಹೆಚ್ಚುಕಮ್ಮಿ 209. ಈ ಪರೀಕ್ಷೆಗೆ ಹೋಳಿಗೆಯ ದಿನ, ಮುದ್ದೆಯ ದಿನ ಎಂಬ ಭೇದವಿಲ್ಲ. ರಾಯರು ಗಂಭೀರವಾಗಿ ಹೇಳಿದರು: ‘ಬೇರೆ ಯಾರದೋ ರಕ್ತ ಸೇರಿಸಿಬಿಟ್ಟಿದ್ದಾರೆ.’

ಈಗ ಅವರ ಕಣ್ಣು ಪರರ ಬೆರಳಿನ ಮೇಲೆ. ಮನೆಗೆ ಹೋದರೆ ಕಾಫಿಗೆ ಮೊದಲೇ ‘ಕೊಡಿ ಇಲ್ಲಿ’ ಅನ್ನುತ್ತಾರೆ. ನಿಮ್ಮದು 160 ಬಂದರೆ ಅವರ ಮುಖದ ಮೇಲೆ ಎಂಥ ವಾತ್ಸಲ್ಯ! ಜಿಪುಣರಲ್ಲ, ಸ್ಟ್ರಿಪ್ ಹೊಸದೇ ಹಾಕುತ್ತಾರೆ. ಸೂಜಿ ಮಾತ್ರ ‘ಇನ್ನೂ ಚೂಪಾಗೇ ಇದೆ’ ಅನ್ನುತ್ತಾರೆ. ಅಲ್ಲಿ ದಾಕ್ಷಿಣ್ಯ ಬೇಡ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಸಲ್ಲದು, ಚುಚ್ಚುವ ಪೆನ್ನೂ ಅಷ್ಟೆ. ರಾಯರ ಮನೆಗೆ ಹೋಗುವಾಗ ನಿಮ್ಮದನ್ನು ನೀವೇ ಒಯ್ಯಿರಿ. ಸಕ್ಕರೆ ಹಾಕಿದ ಕಾಫಿಯನ್ನಂತೂ ಅಲ್ಲಿ ಕೇಳಲೇಬೇಡಿ.